ಪೀಂ ಅನ್ನುವ ಆಸಿಲೇಟರ್‌ನಿಂದ ಹಲಗಿಯ ಪೆಟ್ಟು ಹೊರಡಿಸುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ವಿಸಿವಿ ರ‍್ಯಾಕ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಮಾಡ್ಯುಲರ್ ಸಿಂಥಸೈಜರ್ (ಬಿಡಿ ಮಾಡ್ಯೂಲ್‌ಗಳನ್ನು ವಯರ್‌ನಿಂದ ಜೋಡಿಸಿ ಸದ್ದು ಮಾಡುವ ಯಂತ್ರ) ಕಲಿಯುತ್ತಿದ್ದೇನೆ. ನಮ್ಮೂರ ಮೊಹರಂನಲ್ಲಿ ಕೇಳುವ ಹಲಗಿಯಂಥ ಸದ್ದು ಮಾಡಬೇಕು ಅಂತ ಆಸೆ. ಆದರೆ ಆಸಿಲೇಟರ್ (ಸ್ವರ ಹುಟ್ಟಿಸುವುದು), ಎಡಿಎಸ್‌ಆರ್ (ಸದ್ದಿನ ಏರಿಳಿತ ನಡೆಸುವುದು), ವಿಸಿಎ (ವೋಲ್ಟೇಜ್ ಹೇಳಿದಂತೆ ಸದ್ದು ಹೆಚ್ಚು ಕಡಿಮೆ ಮಾಡುವುದು) ಜೋಡಿಸಿದರೆ ಪೀಂ ಪೀಂ ಅಂತ ಬರುತ್ತದೆ. ಡ್ರಮ್ ಅನ್ನಿಸುವುದೇ ಇಲ್ಲ. ಇದಕ್ಕೆ ಬೇರೆ ಮಾಡ್ಯೂಲ್ ಬೇಕಾ? ಮುಂದೆ ನಿಜವಾದ ಮಾಡ್ಯೂಲ್‌ಗಳ ಪೆಟ್ಟಿಗೆ, ಅಂದರೆ ಯೂರೋರ‍್ಯಾಕ್ ಕೊಂಡರೆ ನಮ್ಮ ಬೇಸಿಗೆಗೆ ಶ್ರುತಿ ನಿಲ್ಲುವುದಿಲ್ಲ ಅಂತಾರೆ, ಹೌದಾ?

ಉತ್ತರ: ಡ್ರಮ್‌ಗೆಂದೇ ಬೇರೆ ಮಾಡ್ಯೂಲ್ ಬೇಡ. ವಿಸಿವಿಯಲ್ಲಿ ಇರುವ ಸಾದಾ ಮಾಡ್ಯೂಲ್‌ಗಳೇ ಸಾಕು. ಕೊಳ್ಳುವ ಮಾತು ಕೊನೆಗೆ ನೋಡೋಣ.

ನೀವು ಒಂದೇ ಎನ್ವಲಪ್‌ನಿಂದ (ಎಡಿಎಸ್‌ಆರ್ ಕೊಡುವ, ಹೊತ್ತಿನ ಜತೆ ಏರಿಳಿಯುವ ವೋಲ್ಟೇಜ್) ಎಲ್ಲಾ ಕೆಲಸ ಮಾಡಿಸಲು ಹೊರಟಿದ್ದೀರಿ, ಕೆಡುತ್ತಿರುವುದು ಅಲ್ಲೇ. ಶಹನಾಯಿಗೆ ಊದುವವರು ಉಸಿರು ಕೊಡುತ್ತಲೇ ಇರುತ್ತಾರೆ, ಅದಕ್ಕೇ ಸ್ವರ ನಿಲ್ಲುತ್ತದೆ. ತೊಗಲಿಗೆ ಆ ಭಾಗ್ಯ ಇಲ್ಲ. ಪೆಟ್ಟು ಬಿದ್ದ ಗಳಿಗೆಯಲ್ಲಿ ಬಂದದ್ದೇ ಅದರ ಪೂರ್ತಿ ಶಕ್ತಿ. ಆಮೇಲೆ ಬರೀ ಖರ್ಚು. ಆ ಖರ್ಚೂ ಒಂದೇ ಸಮನಾಗಿ ಆಗುವುದಿಲ್ಲ. ಕೋಲು ತಾಗಿದ ಚಟ್ ಸದ್ದು ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ. ಮೇಲಿನ ಕಂಪನಗಳು ಬೇಗ ಸಾಯುತ್ತವೆ, ಕೆಳಗಿನ ಗುಂಯ್ ಸ್ವಲ್ಪ ಹೊತ್ತು ಉಳಿಯುತ್ತದೆ. ಇಷ್ಟೇ ಅಲ್ಲ, ಜೋರಾಗಿ ಹೊಡೆದಾಗ ಚರ್ಮ ಆ ಕ್ಷಣಕ್ಕೆ ಹಿಗ್ಗಿ ಇನ್ನಷ್ಟು ಬಿಗಿಯಾಗುತ್ತದೆ. ಹಾಗಾಗಿ ಸ್ವರ ಮೊದಲು ಮೇಲೆ ಹಾರಿ ಆಮೇಲೆ ಇಳಿಯುತ್ತದೆ. ಡ್ರಮ್ ಸದ್ದು ಮಾಡುವುದು ಅಂದರೆ ಯಾವ ಭಾಗ ಯಾವಾಗ ಸಾಯಬೇಕು ಅಂತ ಬೇರೆ ಬೇರೆಯಾಗಿ ಹೇಳಿಕೊಡುವುದು. ಒಂದೊಂದು ಭಾಗಕ್ಕೂ ಒಂದೊಂದು ಎನ್ವಲಪ್ ಕೊಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಹಲಗಿಗೆ ಹೋಗುವ ಮೊದಲು ಒಂದು ಸಾದಾ ಕಿಕ್ (ಕೆಳಸ್ವರದಲ್ಲಿ ಧಂ ಅನ್ನುವ ಡ್ರಮ್) ಮಾಡಿ ಕೈ ಕುದುರಿಸಿಕೊಳ್ಳಿ. ಆಸಿಲೇಟರ್‌ನ ಸೈನ್ ಔಟ್‌ಪುಟ್ ತೆಗೆದುಕೊಳ್ಳಿ. ಅದನ್ನು ಸುಮಾರು 50 ಹರ್ಟ್ಸ್‌ಗೆ ಇಳಿಸಿ. ಎರಡು ಎಡಿಎಸ್‌ಆರ್ ಇಡಿ. ಎರಡರಲ್ಲೂ ಅಟ್ಯಾಕ್ (ಏರುವ ಹೊತ್ತು) ಪೂರ್ತಿ ಕೆಳಗೆ, ಸಸ್ಟೇನ್ (ನಿಲ್ಲುವ ಮಟ್ಟ) ಸೊನ್ನೆ. ಮೊದಲನೆಯದು ವಿಸಿಎಗೆ ಹೋಗಲಿ, ಡಿಕೇ (ಇಳಿಯುವ ಹೊತ್ತು) 300 ಮಿಲಿಸೆಕೆಂಡ್ ಆಸುಪಾಸು. ಎರಡನೆಯದು ಆಸಿಲೇಟರ್‌ನ ಸ್ವರ ಏರಿಳಿಸುವ ಎಫ್‌ಎಂ ಇನ್‌ಪುಟ್‌ಗೆ ಹೋಗಲಿ, ಡಿಕೇ 40 ಮಿಲಿಸೆಕೆಂಡ್ ಸಾಕು. ಎಫ್‌ಎಂ ನಾಬ್ ಅನ್ನು 25 ಪರ್ಸೆಂಟ್‌ಗೆ ತಿರುಗಿಸಿ. ಲೆಕ್ಕ ಸುಲಭ: ಎನ್ವಲಪ್ ಕೊಡುವುದು 10 ವೋಲ್ಟ್, ಅದರ ಕಾಲು ಭಾಗ ಎರಡೂವರೆ ವೋಲ್ಟ್. ಒಂದು ವೋಲ್ಟ್‌ಗೆ ಒಂದು ಆಕ್ಟೇವ್, ಅಂದರೆ ಹರ್ಟ್ಸ್ ಇಮ್ಮಡಿ. ಅಂದರೆ ಪೆಟ್ಟು ಬಿದ್ದಾಗ ಸ್ವರ 280 ಹರ್ಟ್ಸ್ ಹತ್ತಿರ ಹಾರಿ, ಅರೆಕ್ಷಣದಲ್ಲಿ 50ಕ್ಕೆ ಬಂದು ಕೂರುತ್ತದೆ. ಕಿವಿಗೆ ಅದು ಇಳಿಯುವ ಸ್ವರವಾಗಿ ಕೇಳುವುದಿಲ್ಲ, ಪೆಟ್ಟಾಗಿ ಕೇಳುತ್ತದೆ. ಇದೇ ಡಿಕೇಯನ್ನು 200 ಮಿಲಿಸೆಕೆಂಡ್‌ಗೆ ಎಳೆದು ನೋಡಿ. ಆಗ ಪಿಯೂಂ ಅಂತ ಹಳೇ ವಿಡಿಯೋ ಗೇಮ್ ಬಂದೂಕಿನ ಸದ್ದು ಬರುತ್ತದೆ. ಈ ಎರಡರ ನಡುವೆ ನಾಬ್ ತಿರುಗಿಸುತ್ತಾ ಸ್ವಲ್ಪ ಹೊತ್ತು ಕುಳಿತರೆ, ಇಲ್ಲಿ ನಾನು ಬರೆಯುವುದಕ್ಕಿಂತ ಜಾಸ್ತಿ ಕಲಿಯುತ್ತೀರಿ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಸೀಕ್ವೆನ್ಸರ್‌ನಿಂದ (ಪೆಟ್ಟುಗಳ ಸಾಲು ನಡೆಸುವ ಮಾಡ್ಯೂಲ್) ಬರುವ ಟ್ರಿಗರ್ (‘ಹೊಡೆ’ ಅನ್ನುವ ಪಲ್ಸ್) ಒಂದು ಮಿಲಿಸೆಕೆಂಡ್‌ನಷ್ಟು ಚಿಕ್ಕದಿರಬಹುದು. ಅದು ಮುಗಿದ ತಕ್ಷಣ ಎಡಿಎಸ್‌ಆರ್ ಡಿಕೇ ಬಿಟ್ಟು ರಿಲೀಸ್‌ಗೆ (ಟ್ರಿಗರ್ ಮುಗಿದ ಮೇಲಿನ ಇಳಿತ) ಜಿಗಿಯುತ್ತದೆ. ನೀವು ಡಿಕೇ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ, ಮಾಡ್ಯೂಲೇ ಕೆಟ್ಟಿದೆ ಅನ್ನಿಸುತ್ತದೆ. ಡಿಕೇಯನ್ನೂ ರಿಲೀಸನ್ನೂ ಒಂದೇ ಅಳತೆಗೆ ಇಟ್ಟುಬಿಡಿ. ಇನ್ನೊಂದು: ಟ್ರಿಗರ್‌ನ ಒಂದು ವಯರ್ ಆಸಿಲೇಟರ್‌ನ ಸಿಂಕ್‌ಗೂ ಹಾಕಿ. ಇಲ್ಲದಿದ್ದರೆ ಪ್ರತಿ ಪೆಟ್ಟೂ ಅಲೆಯ ಬೇರೆ ಬೇರೆ ಜಾಗದಿಂದ ಶುರುವಾಗುತ್ತದೆ. ಒಂದು ಏಟು ಗಟ್ಟಿ, ಇನ್ನೊಂದು ಮೆತ್ತಗೆ, ಮಧ್ಯೆ ಎಲ್ಲೋ ಒಂದು ಕ್ಲಿಕ್. ಮತ್ತೆ, ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ 50 ಹರ್ಟ್ಸ್ ಬರುವುದೇ ಇಲ್ಲ. ನೀವು ಬರುತ್ತಿಲ್ಲ ಅಂತ ಏರಿಸುತ್ತಾ ಹೋಗುತ್ತೀರಿ, ಆಮೇಲೆ ಗಣೇಶನ ಮೆರವಣಿಗೆಯ ಡಿಜೆ ಬಾಕ್ಸ್‌ಗೆ ಹಾಕಿದ ದಿನ ಕಿಟಕಿ ಗಾಜು ನಡುಗುತ್ತದೆ. ಚಿಕ್ಕ ಸ್ಪೀಕರ್‌ನಲ್ಲೂ ಕಿಕ್ ಕೇಳಬೇಕಾದರೆ ಕೊನೆಗೆ ಒಂಚೂರು ಡಿಸ್ಟಾರ್ಷನ್ ಸೇರಿಸಿ. ಅದರಿಂದ ಹುಟ್ಟುವ ಮೇಲಿನ ಸ್ವರಗಳನ್ನು ಕೇಳಿ ಕಿವಿ ತಾನಾಗಿಯೇ ಕೆಳಗಿನದನ್ನು ತುಂಬಿಕೊಳ್ಳುತ್ತದೆ.

ಎರಡನೇ ದಾರಿಯೂ ಒಂದಿದೆ, ನನಗೆ ಅದೇ ಜಾಸ್ತಿ ಇಷ್ಟ. ಆಸಿಲೇಟರ್ ಬೇಡವೇ ಬೇಡ. ಒಂದು ಫಿಲ್ಟರ್ (ಸದ್ದನ್ನು ಸೋಸುವ ಮಾಡ್ಯೂಲ್) ತೆಗೆದುಕೊಂಡು ರೆಸೊನೆನ್ಸ್ (ಒಂದೇ ಸ್ವರವನ್ನು ಎತ್ತಿ ಹಿಡಿಯುವ ಗುಣ) ಏರಿಸಿ. ಅದು ತಾನೇ ಕೂಗಲು ಶುರು ಮಾಡುವ ಅಂಚಿಗೆ ಬಂದಾಗ ಕೂದಲೆಳೆಯಷ್ಟು ಹಿಂದೆ ತನ್ನಿ. ಈಗ ಬರೀ ಟ್ರಿಗರನ್ನು ಅದರ ಆಡಿಯೋ ಇನ್‌ಪುಟ್‌ಗೆ ಕೊಡಿ. ಟಕ್ ಅಂತ ಹೊಡೆದ ಹಾಗೆ ಫಿಲ್ಟರ್ ಮೊಳಗಿ ತಾನಾಗಿಯೇ ಅಡಗುತ್ತದೆ. ರೆಸೊನೆನ್ಸ್ ಎಷ್ಟಿದೆಯೋ ಅಷ್ಟು ಹೊತ್ತು ಗುಂಯ್, ಕಟ್‌ಆಫ್ ಎಲ್ಲಿದೆಯೋ ಅದೇ ಸ್ವರ. ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಮೆಷಿನ್‌ನ ಕಿಕ್ ಒಳಗಡೆ ಇರುವ ತಂತ್ರ ಹೆಚ್ಚುಕಡಿಮೆ ಇದೇ. ಕೂಗುವ ಅಂಚಿನಲ್ಲಿ ನಿಲ್ಲಿಸಿದ ಸರ್ಕ್ಯೂಟ್‌ಗೆ ಒಂದು ಪಲ್ಸ್ ಕೊಟ್ಟು ಬಿಡುವುದು. ಇದು ಚರ್ಮದ ಗುಣಕ್ಕೆ ಬಹಳ ಹತ್ತಿರ, ಏಕೆಂದರೆ ಇಲ್ಲಿ ನಿಜವಾಗಿಯೂ ಏನನ್ನೋ ಹೊಡೆಯುತ್ತಿದ್ದೀರಿ. ಜೋರಾಗಿ ಕೊಟ್ಟರೆ ಜೋರು, ಮೆಲ್ಲಗೆ ಕೊಟ್ಟರೆ ಮೆಲ್ಲಗೆ.

ಈಗ ಹಲಗಿ.

ತಬಲಾ, ಮೃದಂಗಕ್ಕೆ ನಡುವೆ ಕರಿ ಕರಣೆ ಇರುತ್ತದಲ್ಲ, ಅದು ಸುಮ್ನೆ ಅಲಂಕಾರಕ್ಕಲ್ಲ. ಸಿ.ವಿ. ರಾಮನ್ ಇದರ ಬಗ್ಗೆ 1920ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. 1934ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಇನ್ನೂ ವಿವರವಾಗಿ ಬರೆದರು. ಅವರು ತೋರಿಸಿದ್ದು ಏನೆಂದರೆ, ಆ ಕರಣೆಯ ಭಾರದಿಂದ ಚರ್ಮದ ಕಂಪನಗಳು ಒಂದು, ಎರಡು, ಮೂರು ಪಟ್ಟು ಅಂತ ಸರಿಯಾಗಿ ಸಾಲಾಗುತ್ತವೆ. ಅದಕ್ಕೇ ತಬಲಾವನ್ನು ಸಾ ಗೆ ಕೂರಿಸಲು ಆಗುತ್ತದೆ. ಹಲಗಿಗೆ ಕರಣೆ ಇಲ್ಲ. ಕಟ್ಟಿನ ಮೇಲೆ ಬಿಗಿದ ಬರೀ ಚರ್ಮ, ಒಂದೇ ಮುಖ. ಹೀಗೆ ಬರಿದಾಗಿ ಬಿಗಿದ ದುಂಡು ಚರ್ಮದ ಕಂಪನಗಳು ಲೆಕ್ಕದ ಪ್ರಕಾರ 1, 1.59, 2.14, 2.30, 2.65, 2.92 ಪಟ್ಟು ಅಂತ ಹೋಗುತ್ತವೆ. ಒಂದಕ್ಕೊಂದು ಹೊಂದುವುದಿಲ್ಲ. ಈ ಹೊಂದದಿರುವುದೇ ಹಲಗಿಯ ರುಚಿ. ನಿಮ್ಮ ಆಸಿಲೇಟರ್‌ನ ಸಾಟೂತ್ (ಗರಗಸದ ಹಲ್ಲಿನಂಥ) ಅಲೆ, ಸ್ಕ್ವೇರ್ ಅಲೆ ಎರಡರಲ್ಲೂ ಮೇಲಿನ ಸ್ವರಗಳು ಸರಿಯಾದ ಪಟ್ಟುಗಳಲ್ಲೇ ಬರುತ್ತವೆ. ಹಾಗಾಗಿ ಎಷ್ಟು ಫಿಲ್ಟರ್ ಮಾಡಿದರೂ ಅದು ಹಾಡುತ್ತದೆಯೇ ಹೊರತು ಬಡಿಯುವುದಿಲ್ಲ.

ಆದ್ದರಿಂದ ಸೈನ್ ಅಲೆಯ ನಾಲ್ಕು ಆಸಿಲೇಟರ್ ಇಡಿ, ಇಲ್ಲವೇ ನಾಲ್ಕು ಫಿಲ್ಟರ್ ಮೊಳಗಿಸಿ. ಮೊದಲನೆಯದನ್ನು ನಾನು 150ರಿಂದ 250 ಹರ್ಟ್ಸ್ ನಡುವೆ ಎಲ್ಲೋ ಇಟ್ಟು ಶುರು ಮಾಡುತ್ತೇನೆ, ಮುಂದಿನದು ಕಿವಿಗೆ ಬಿಟ್ಟದ್ದು. ಎರಡನೆಯದು ಅದಕ್ಕಿಂತ 8 ಸೆಮಿಟೋನ್ (ಆಕ್ಟೇವ್‌ನ ಹನ್ನೆರಡನೇ ಒಂದು ಭಾಗ) ಮೇಲೆ, ಮೂರನೆಯದು 13 ಮೇಲೆ, ನಾಲ್ಕನೆಯದು 14 ಬಿಟ್ಟು ಇನ್ನೂ 40 ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಭಾಗ) ಮೇಲೆ. ಮೇಲೆ ಹೋದ ಹಾಗೆ ಡಿಕೇ ಕಡಿಮೆ ಮಾಡಿ. ಮೊದಲನೆಯದಕ್ಕೆ 180 ಮಿಲಿಸೆಕೆಂಡ್ ಕೊಟ್ಟರೆ ಕೊನೆಯದಕ್ಕೆ 50 ಸಾಕು. ಎಲ್ಲದಕ್ಕೂ ಸ್ವರ ಇಳಿಸುವ ಎನ್ವಲಪ್ ಒಂದೇ ಇರಲಿ, ಆದರೆ ಕಿಕ್‌ನಷ್ಟು ಬೇಡ. ಮೂರು ನಾಲ್ಕು ಸೆಮಿಟೋನ್ ಇಳಿದರೆ ಬರೋಬ್ಬರಿ.

ಇದು ಚರ್ಮ. ಇನ್ನು ಕೋಲು. ಹಲಗಿ ಬಾರಿಸುವವರ ಕೈ ನೋಡಿದ್ದೀರಲ್ಲ? ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಬಳುಕುವ ತೆಳ್ಳನೆ ಕಡ್ಡಿ. ದಪ್ಪದ್ದು ಧಣ್ ಅನ್ನುತ್ತದೆ, ತೆಳ್ಳನೆಯದು ಚಟ್ ಅಂತ ಸೀಳುತ್ತದೆ. ಆ ಚಟ್‌ಗೆ ವೈಟ್ ನಾಯ್ಸ್ (ಶ್ ಅನ್ನುವ ಸದ್ದು) ಬೇಕು. ಅದನ್ನು 2000 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಹೋಗುವಂತೆ ಹೈಪಾಸ್ ಮಾಡಿ, 10 ಮಿಲಿಸೆಕೆಂಡ್ ಎನ್ವಲಪ್ ಕೊಡಿ. 30 ದಾಟಿದರೆ ಸ್ನೇರ್ (ಛರ್ ಅನ್ನುವ ಬ್ಯಾಂಡ್ ಡ್ರಮ್) ಆಗಿಬಿಡುತ್ತದೆ, ಹುಷಾರು. ಎರಡು ಕೋಲಿಗೆ ಎರಡು ಹಲಗಿ ಮಾಡಬೇಡಿ. ಚರ್ಮ ಒಂದೇ, ಅದಕ್ಕೆ ಎರಡು ಟ್ರಿಗರ್. ದಪ್ಪ ಕೋಲಿನ ಟ್ರಿಗರ್ ಬಂದರೆ ಕೆಳಗಿನ ಸ್ವರ ಪೂರ್ತಿ, ನಾಯ್ಸ್ ಸ್ವಲ್ಪ. ಕಡ್ಡಿಯ ಟ್ರಿಗರ್ ಬಂದರೆ ನಾಯ್ಸ್ ಪೂರ್ತಿ, ಕೆಳಗಿನದು ಬರೀ ನೆರಳು. ಚರ್ಮ ಒಂದೇ ಆದಾಗ ಧಣ್ ಇನ್ನೂ ಅಡಗುವ ಮೊದಲೇ ಮೇಲೆ ಚಟ್ ಬಿದ್ದರೆ ಎರಡೂ ಬೆರೆಯುತ್ತವೆ. ಆ ಬೆರಕೆ ಇಲ್ಲದಿದ್ದರೆ ಎಷ್ಟು ಒಳ್ಳೆಯ ಸ್ಯಾಂಪಲ್ ಇದ್ದರೂ ಅದು ಮೆಷಿನ್ ಅಂತ ಗೊತ್ತಾಗಿಬಿಡುತ್ತದೆ.

ನಡುವೆ ಹೊಡೆದ ಪೆಟ್ಟಿಗೂ ಅಂಚಿಗೆ ಹೊಡೆದ ಪೆಟ್ಟಿಗೂ ಇರುವ ವ್ಯತ್ಯಾಸವನ್ನೂ ಇದೇ ಪ್ಯಾಚ್‌ನಲ್ಲಿ (ಮಾಡ್ಯೂಲ್‌ಗಳ ಜೋಡಣೆ) ತರಬಹುದು. ಚರ್ಮದ ನಟ್ಟನಡುವೆ ಹೊಡೆದರೆ 1.59, 2.14ರ ಕಂಪನಗಳು ಏಳುವುದಿಲ್ಲ, ಏಕೆಂದರೆ ಆ ಕಂಪನಗಳಲ್ಲಿ ನಡುಭಾಗ ಅಲುಗುವುದೇ ಇಲ್ಲ. 1 ಮತ್ತು 2.30 ಮಾತ್ರ ಏಳುತ್ತವೆ. ಅಂಚಿನ ಕಡೆ ಬಂದ ಹಾಗೆ ಉಳಿದವು ಸೇರಿಕೊಳ್ಳುತ್ತವೆ. ಹಾಗಾಗಿ ಎರಡನೇ, ಮೂರನೇ ಆಸಿಲೇಟರ್‌ಗಳ ವಿಸಿಎಗಳನ್ನು ಒಂದೇ ಸಿವಿಯಿಂದ (ನಿಯಂತ್ರಿಸುವ ವೋಲ್ಟೇಜ್) ನಡೆಸಿ. ಆ ಒಂದು ವೋಲ್ಟೇಜ್ ಏರಿದರೆ ಕೈ ಅಂಚಿಗೆ ಹೋಯಿತು, ಇಳಿದರೆ ನಡುವೆ ಬಂತು. ಸೀಕ್ವೆನ್ಸರ್‌ನ ಖಾಲಿ ಸಾಲು ಇದಕ್ಕೆ ಮೀಸಲಿಡಿ.

ಹಲಗಿಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ತೇವ ಹೋಗಿ ಚರ್ಮ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಬಿಗಿ ಎರಡು ಪಟ್ಟಾದರೆ ಸ್ವರ ಎರಡು ಪಟ್ಟಾಗುವುದಿಲ್ಲ, ಸುಮಾರು 1.41 ಪಟ್ಟು, ಅಂದರೆ ಆರು ಸೆಮಿಟೋನ್ ಅಷ್ಟೇ. ಪ್ಯಾಚ್‌ನಲ್ಲಿ ಇದನ್ನು ತರಲು ಎಲ್ಲಾ ಆಸಿಲೇಟರ್‌ಗಳ ‘ಒಂದು ವೋಲ್ಟ್‌ಗೆ ಒಂದು ಆಕ್ಟೇವ್’ (V/OCT) ಇನ್‌ಪುಟ್‌ಗೆ ಒಂದೇ ವೋಲ್ಟೇಜ್ ಹಂಚಿ. ಎಷ್ಟು ಏರಿಸಿ ಇಳಿಸಿದರೂ ಅವುಗಳ ನಡುವಿನ ಅನುಪಾತ ಕೆಡುವುದಿಲ್ಲ. ಆ ವೋಲ್ಟೇಜನ್ನು ಐದಾರು ನಿಮಿಷಕ್ಕೆ ಒಂದು ಸೆಮಿಟೋನ್‌ನಂತೆ ಇಳಿಯಲು ಬಿಡಿ, ಮತ್ತೆ ಒಮ್ಮೆಲೇ ಏರಿಸಿ. ಕೇಳುವವರಿಗೆ ಕಾರಣ ಗೊತ್ತಾಗದಿದ್ದರೂ ಹಲಗಿ ಕಾಯಿಸಿ ತಂದ ಹಾಗೆ ಜೀವ ಬರುತ್ತದೆ.

ಪೆಟ್ಟಿನ ಜೋರು ಅಂದರೆ ವಾಲ್ಯೂಮ್ ಮಾತ್ರ ಅಂದುಕೊಳ್ಳಬೇಡಿ. ಇದು ನನ್ನ ದೊಡ್ಡ ತಕರಾರು, ಪೇಟೆಯಲ್ಲಿ ಸಿಗುವ ಎಷ್ಟೋ ಡ್ರಮ್ ಮಾಡ್ಯೂಲ್‌ಗಳ ಮೇಲೂ ಇದೇ ತಕರಾರು. ಜೋರಾಗಿ ಬಿದ್ದ ಪೆಟ್ಟು ಹೆಚ್ಚು ಹೊಳೆಯುತ್ತದೆ, ಸ್ವರ ಹೆಚ್ಚು ಹಾರುತ್ತದೆ, ನಾಯ್ಸ್ ಸ್ವಲ್ಪ ಉದ್ದವಾಗುತ್ತದೆ. ಪೆಟ್ಟಿನ ಜೋರು ಹೇಳುವ ಒಂದೇ ವೆಲಾಸಿಟಿ ಸಿವಿಯನ್ನು ಈ ಮೂರಕ್ಕೂ ಸಣ್ಣ ಸಣ್ಣ ಪಾಲಿನಲ್ಲಿ ಹಂಚಿ. ಸುಲಭದ ದಾರಿ ಬೇಕೆಂದರೆ ಕೊನೆಯಲ್ಲಿ ಲೋಪಾಸ್ ಗೇಟ್ ಹಾಕಿ. ಅಮೆರಿಕದ ಡಾನ್ ಬುಕ್ಲಾ ಅವರ ಸಿಂಥ್‌ಗಳಿಂದ ಬಂದದ್ದು ಇದು. ಹಳೆಯ ಮಾದರಿಯಲ್ಲಿ ಒಂದು ಪುಟ್ಟ ದೀಪ, ಅದರ ಬೆಳಕಿಗೆ ಸ್ಪಂದಿಸುವ ಒಂದು ರೆಸಿಸ್ಟರ್, ಎರಡನ್ನೂ ಸೇರಿಸಿದ ವ್ಯಾಕ್ಟ್ರೋಲ್ ಇರುತ್ತದೆ. ಬೆಳಕು ಆರಿದರೂ ರೆಸಿಸ್ಟರ್ ನಿಧಾನವಾಗಿ ಸುಧಾರಿಸಿಕೊಳ್ಳುತ್ತದೆ. ಹಾಗಾಗಿ ಸದ್ದು ಕುಗ್ಗುವ ಜತೆಗೇ ಮಂಕೂ ಆಗುತ್ತದೆ, ಬಡಿದ ವಸ್ತು ಆಗುವ ಹಾಗೆಯೇ. ವ್ಯಾಕ್ಟ್ರೋಲ್ ಇಲ್ಲದಿದ್ದರೆ ಒಂದೇ ಎನ್ವಲಪನ್ನು ವಿಸಿಎಗೂ ಫಿಲ್ಟರ್‌ನ ಕಟ್‌ಆಫ್‌ಗೂ ಕೊಡಿ, ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಮೊಹರಂ ಅಂದಿರಿ. ಅಲ್ಲಿ ಹಲಗಿ ಒಂಟಿಯಾಗಿ ಇರುವುದಿಲ್ಲ, ಅಲ್ವಾ? ಮೂರು ನಾಲ್ಕು ಹಲಗಿ, ಪಕ್ಕದಲ್ಲಿ ಹೆಜ್ಜೆ ಹಾಕುವವರು. ನಿಮ್ಮ ಪ್ಯಾಚನ್ನು ಮೂರು ಸಲ ನಕಲು ಮಾಡಿ. ಒಂದೊಂದರ ಶ್ರುತಿ ಸ್ವಲ್ಪ ಬೇರೆ ಇರಲಿ, ಒಂದರ ಚರ್ಮ ಇನ್ನೊಂದರಷ್ಟು ಬಿಗಿ ಇರುವುದಿಲ್ಲ. ಟ್ರಿಗರ್‌ಗಳಿಗೆ 5ರಿಂದ 20 ಮಿಲಿಸೆಕೆಂಡ್‌ವರೆಗೆ ಹೆಚ್ಚುಕಡಿಮೆ ಆಗುವ ಡಿಲೇ ಕೊಡಿ. ಮೂವರೂ ಒಂದೇ ಕ್ಷಣಕ್ಕೆ ಹೊಡೆದರೆ ಅದು ಒಂದೇ ದೊಡ್ಡ ಹಲಗಿ, ಚೂರು ಹಿಂದೆ ಮುಂದೆ ಆದರೆ ಮೇಳ. ಗತಿಯನ್ನೂ ಒಂದೇ ಕಡೆ ಕಟ್ಟಿಹಾಕಬೇಡಿ. ನಿಧಾನಕ್ಕೆ ಶುರುವಾಗಿ ಏರುತ್ತಾ ಏರುತ್ತಾ ಕೊನೆಗೆ ಉಸಿರು ಬಿಡದ ಹಾಗೆ ಹೋಗುತ್ತದಲ್ಲ, ಅದಕ್ಕೆ ಕ್ಲಾಕ್‌ನ ಟೆಂಪೋ ಇನ್‌ಪುಟ್‌ಗೆ ನಿಧಾನವಾಗಿ ಏರುವ ವೋಲ್ಟೇಜ್ ಕೊಟ್ಟರೆ ಸಾಕು.

ಗೆಜ್ಜೆ ಬೇಕೆಂದರೆ ಒಂದೇ ಪೆಟ್ಟಲ್ಲ, ಚದುರಿದ ಸಣ್ಣ ಸಣ್ಣ ಪೆಟ್ಟುಗಳ ಗುಂಪು. ಒಂದು ಹೆಜ್ಜೆಗೆ ಏಳೆಂಟು ಟ್ರಿಗರ್ ಅಡ್ಡಾದಿಡ್ಡಿ ಬೀಳಲಿ, ಎಲ್ಲವೂ ರೆಸೊನೆನ್ಸ್ ಜಾಸ್ತಿ ಇರುವ ಬ್ಯಾಂಡ್‌ಪಾಸ್ ಫಿಲ್ಟರ್ ಮೂಲಕ 5000 ಹರ್ಟ್ಸ್ ಮೇಲೆ ಮೊಳಗಲಿ. ತಾಳ, ಜಾಗಟೆಯಂಥ ಲೋಹದ ಸದ್ದಿಗೆ 808ರ ಉಪಾಯವೇ ಸಾಕು: ಒಂದಕ್ಕೊಂದು ಹೊಂದದ ಆರು ಸ್ಕ್ವೇರ್ ಅಲೆ ಬೆರೆಸಿ ಹೈಪಾಸ್ ಮಾಡುವುದು. ಡೊಳ್ಳು ಬೇಕಾದರೆ ಮೊದಲು ಮಾಡಿದ ಕಿಕ್‌ಗೆ ಮರಳಿ ಹೋಗಿ, 70 ಹರ್ಟ್ಸ್ ಸುತ್ತ ಇಟ್ಟು ಡಿಕೇ ಹೆಚ್ಚಿಸಿ.

ಇಷ್ಟೆಲ್ಲ ಮಾಡುವಾಗ ಎದುರಿಗೆ ನಿಜವಾದ ಹಲಗಿಯ ರೆಕಾರ್ಡಿಂಗ್ ಇರಲೇಬೇಕು. ನೆನಪು ನಂಬಬೇಡಿ. ಜಾತ್ರೆಯ ಗದ್ದಲದಲ್ಲಿ ರೆಕಾರ್ಡ್ ಮಾಡಿದರೆ ಉಪಯೋಗವಿಲ್ಲ. ಬಾರಿಸುವವರನ್ನು ಬಿಡುವಿದ್ದಾಗ ಕೇಳಿಕೊಳ್ಳಿ, ಅವರ ಸಮಯಕ್ಕೆ ಹಣ ಕೊಡಿ. ಬಯಲಲ್ಲಿ ನಾಲ್ಕೈದು ಅಡಿ ದೂರದಿಂದ ಬಿಡಿ ಬಿಡಿ ಪೆಟ್ಟುಗಳನ್ನು ತೆಗೆದುಕೊಳ್ಳಿ. ದಪ್ಪ ಕೋಲು ಒಂದೇ, ಕಡ್ಡಿ ಒಂದೇ, ನಡುವೆ, ಅಂಚಿಗೆ, ಕಾಯಿಸುವ ಮೊದಲು, ಕಾಯಿಸಿದ ಮೇಲೆ. ಕೋಣೆಯೊಳಗೆ ಬೇಡ. ನಮ್ಮ ಕಡೆ ಮನೆ ತುಂಬ ಶಹಾಬಾದಿ ಫರ್ಸಿ ಕಲ್ಲು, ಪೆಟ್ಟು ಬಿದ್ದರೆ ನೆಲ ಗೋಡೆ ಎಲ್ಲ ತಿರುಗಿ ಕೂಗುತ್ತವೆ. ಹಲಗಿಯ ಡಿಕೇ ಯಾವುದು, ಕೋಣೆಯದು ಯಾವುದು ಅಂತ ಆಮೇಲೆ ಬಿಡಿಸಲು ಆಗುವುದಿಲ್ಲ. ಫೋನ್‌ನಲ್ಲಿ ಆಟೋ ಗೇನ್ ಇದ್ದರೆ ಆಫ್ ಮಾಡಿ, ಅದು ಮೊದಲ ಪೆಟ್ಟನ್ನೇ ಅಮುಕಿಬಿಡುತ್ತದೆ. ಬಂದ ಫೈಲನ್ನು ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹಿಗ್ಗಿಸಿ ನೋಡಿದರೆ ಚಟ್ ಎಷ್ಟು ಮಿಲಿಸೆಕೆಂಡ್, ಗುಂಯ್ ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ. ನಾನು ಮೇಲೆ ಕೊಟ್ಟ ಅಂಕಿಗಳನ್ನು ಅದರ ಪ್ರಕಾರ ತಿದ್ದಿಕೊಳ್ಳಿ.

ಬೇಸಿಗೆಯ ವಿಷಯ. ಶ್ರುತಿ ನಿಲ್ಲುವುದಿಲ್ಲ ಅಂತ ನಿಮಗೆ ಹೇಳಿದವರ ಮಾತು ಸುಳ್ಳಲ್ಲ. ಅನಲಾಗ್ ಆಸಿಲೇಟರ್‌ನಲ್ಲಿ ವೋಲ್ಟೇಜನ್ನು ಆಕ್ಟೇವ್‌ಗೆ ತಿರುಗಿಸುವ ಕೆಲಸ ಟ್ರಾನ್ಸಿಸ್ಟರ್‌ಗಳದ್ದು, ಅವುಗಳ ನಡವಳಿಕೆ ತಾಪಮಾನದ ಜತೆ ಬದಲಾಗುತ್ತದೆ. ಒಂದು ಡಿಗ್ರಿಗೆ ಸುಮಾರು 0.33 ಪರ್ಸೆಂಟ್. ಜನವರಿಯಲ್ಲಿ ಕೋಣೆ 25 ಡಿಗ್ರಿ ಇದ್ದಾಗ ಕೂರಿಸಿದ್ದು ಮೇ ತಿಂಗಳ 42ಕ್ಕೆ ಬಂದರೆ, ಏನೂ ರಕ್ಷಣೆ ಇಲ್ಲದ ಸರ್ಕ್ಯೂಟ್‌ನಲ್ಲಿ ಪ್ರತಿ ಆಕ್ಟೇವ್‌ಗೂ ಸೆಮಿಟೋನ್‌ನ ಮೂರನೇ ಎರಡು ಭಾಗ ತಪ್ಪುತ್ತದೆ. ಕೀಬೋರ್ಡ್‌ನಲ್ಲಿ ರಾಗ ನುಡಿಸುವವರಿಗೆ ಇದು ಮಹಾ ಕಿರಿಕಿರಿ. ಆದರೆ ಒಳ್ಳೆಯ ಮಾಡ್ಯೂಲ್‌ಗಳಲ್ಲಿ ಇದನ್ನು ಸರಿದೂಗಿಸುವ ರೆಸಿಸ್ಟರ್ ಇರುತ್ತದೆ, ಕೊಳ್ಳುವಾಗ ಅದನ್ನೇ ಕೇಳಿ. ಡಿಜಿಟಲ್ ಆಸಿಲೇಟರ್‌ಗೆ ಈ ತೊಂದರೆಯೇ ಇಲ್ಲ. ಮತ್ತೆ ನಿಮಗೆ ಬೇಕಿರುವುದು ಹಲಗಿ. ಅದರ ಶ್ರುತಿ ಅರ್ಧ ಸೆಮಿಟೋನ್ ಜಾರಿದರೆ ಯಾರೂ ಕೇಳುವುದಿಲ್ಲ. ಜಾರುವ ಭಯ ಇರುವುದು ಮೊಳಗಿಸುವ ಫಿಲ್ಟರ್‌ಗಳಲ್ಲಿ. ಬೆಳಿಗ್ಗೆ ಅಂಚಿನಲ್ಲಿ ನಿಲ್ಲಿಸಿದ ರೆಸೊನೆನ್ಸ್ ಮಧ್ಯಾಹ್ನದ ಬಿಸಿಗೆ ತಾನೇ ಕೂಗಲು ಶುರು ಮಾಡಬಹುದು. ಕಾರ್ಯಕ್ರಮ ಇದ್ದರೆ ಅರ್ಧ ಗಂಟೆ ಮೊದಲೇ ಆನ್ ಮಾಡಿ ಬಿಸಿಯಾಗಲು ಬಿಟ್ಟು, ಆಮೇಲೆ ಕೂರಿಸಿ.

ಕೊಳ್ಳುವುದಾದರೆ ಡ್ರಮ್ ಮಾಡ್ಯೂಲ್‌ಗೆ ಮೊದಲು ದುಡ್ಡು ಹಾಕಬೇಡಿ. ಜರ್ಮನಿಯ ಡೋಪ್ಫರ್ 1990ರ ದಶಕದಲ್ಲಿ ಶುರು ಮಾಡಿದ ಯೂರೋರ‍್ಯಾಕ್ ಪದ್ಧತಿಯಲ್ಲಿ ಯಾವ ಕಂಪನಿಯದ್ದಾದರೂ ಒಂದೇ ಪೆಟ್ಟಿಗೆಯಲ್ಲಿ ಕೂರುತ್ತದೆ, ಹಾಗಾಗಿ ಒಂದೊಂದಾಗಿ ಸೇರಿಸಬಹುದು. ಮೊದಲು ಒಳ್ಳೆಯ ಪವರ್ ಸಪ್ಲೈ ಇರುವ ಕೇಸ್. ಆಮೇಲೆ ಎರಡು ಎನ್ವಲಪ್, ಚೆನ್ನಾಗಿ ಮೊಳಗುವ ಒಂದು ಫಿಲ್ಟರ್, ನಾಲ್ಕು ವಿಸಿಎ. ವಿಸಿಎ ಜಾಸ್ತಿಯಾಯಿತು ಅಂತ ಹೇಳಿದವರನ್ನು ನಾನಂತೂ ನೋಡಿಲ್ಲ. ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಪ್ಲೇಟ್ಸ್, ರಿಂಗ್ಸ್ ಮಾಡ್ಯೂಲ್‌ಗಳ ವಿನ್ಯಾಸ ಓಪನ್ ಸೋರ್ಸ್ ಆದ್ದರಿಂದ ವಿಸಿವಿಯಲ್ಲೇ ಅವು ಪುಕ್ಕಟೆ ಸಿಗುತ್ತವೆ. ಕೊಳ್ಳುವ ಮೊದಲು ಅಲ್ಲಿ ಮನಸಾರೆ ಬಡಿದು ನೋಡಿ. ಕರೆಂಟ್ ಹೋಗಿ ಬರುವ ಊರಲ್ಲಿ ಕೇಸನ್ನು ಯುಪಿಎಸ್ ಮೇಲೆ ಇಡಿ. ಪವರ್ ರಿಬ್ಬನ್ ಹಾಕುವಾಗ ಕೆಂಪು ಗೆರೆ ಮೈನಸ್ 12 ವೋಲ್ಟ್ ಕಡೆಗೇ ಇದೆಯಾ ಅಂತ ಪ್ರತಿ ಸಲ ನೋಡಿ. ಉಲ್ಟಾ ಹಾಕಿದರೆ ಎಷ್ಟೋ ಮಾಡ್ಯೂಲ್‌ಗಳು ಒಂದೇ ಸಲಕ್ಕೆ ಸುಟ್ಟುಹೋಗುತ್ತವೆ.